ಆರು ಪೊಟ್ಟಣ ಬೀಜ, ಮೂರು ದೇಶ: ಅಂಚೆಗೆ ಹಾಕುವ ಮುಂಚೆ ಕಾನೂನು ಏನು ಕೇಳುತ್ತದೆ

ಪ್ರಕರಣ ಹೀಗಿದೆ. ಕೈತೋಟದ ಹುಚ್ಚಿರುವ ಒಬ್ಬರು. ತಾವೇ ಬೆಳೆದು, ಒಣಗಿಸಿ, ಕಸ ಆರಿಸಿ ಎತ್ತಿಟ್ಟ ಬೀಜಗಳಿವೆ. ಇದೇ ಹುಚ್ಚಿನ ಮೂವರು ಗೆಳೆಯರು ಬೇರೆ ದೇಶಗಳಲ್ಲಿದ್ದಾರೆ. ಒಬ್ಬರು ಅಮೆರಿಕದಲ್ಲಿ, ಒಬ್ಬರು ಜರ್ಮನಿಯಲ್ಲಿ, ಇನ್ನೊಬ್ಬರು ಆಸ್ಟ್ರೇಲಿಯಾದಲ್ಲಿ. ಮೂವರಿಗೂ ಒಂದೇ ಥರದ ಲಕೋಟೆ ಕಳಿಸಬೇಕು ಅನ್ನುವುದು ಆಸೆ. ಒಂದೊಂದರಲ್ಲೂ ಆರು ಪೊಟ್ಟಣ: ಚೆಂಡುಹೂ, ಟೊಮ್ಯಾಟೊ, ಮೆಣಸಿನಕಾಯಿ, ನೀರಲ್ಲಿ ಬೆಳೆಯುವ ವಾಟರ್ ಸ್ಪಿನಾಚ್ ಸೊಪ್ಪು, ಕಿತ್ತಳೆ ಬಣ್ಣದ ಪೆಟೂನಿಯಾ, ಮತ್ತೆ ಬರೀ 'ಸ್ಟಾರ್ ಕ್ಯಾಕ್ಟಸ್' ಎಂದು ಪೆನ್ಸಿಲ್ಲಿನಲ್ಲಿ ಬರೆದಿರುವ ಒಂದು ಪುಟ್ಟ ಪೊಟ್ಟಣ. ದುಡ್ಡಿನ ವ್ಯವಹಾರ ಇಲ್ಲ. ಸುಮ್ನೆ ಪ್ರೀತಿಗೆ.

ಈ ನಾಲ್ವರೂ ಕಲ್ಪಿತ, ವಿಷಯ ಬಿಡಿಸಿ ಹೇಳುವುದಕ್ಕೆ ಜೋಡಿಸಿಕೊಂಡವರು. ನಿಯಮಗಳು ಮಾತ್ರ ನಿಜವಾದವು. ಕಳಿಸುವವರ ಊರು ಯಾವುದು ಎಂದು ಬೇಕೆಂದೇ ಹೇಳುತ್ತಿಲ್ಲ, ಈ ಮೂರು ಕಡೆಗಳ ಹೊರಗೆ ಇರುವ ಯಾರಿಗಾದರೂ ಕಥೆ ಹೆಚ್ಚುಕಡಿಮೆ ಇದೇ.

ಅವರ ಮೊದಲ ಯೋಚನೆ ಎಲ್ಲರಿಗೂ ಬರುವಂಥದ್ದೇ. ಶುಭಾಶಯ ಪತ್ರದ ಮಡಿಕೆಯಲ್ಲಿ ಪೊಟ್ಟಣಗಳನ್ನು ಇಟ್ಟು, ಮಾಮೂಲಿ ಪತ್ರದ ಥರ ಕಳಿಸಿಬಿಡುವುದು. ಯಾರು ನೋಡುತ್ತಾರೆ ಅಲ್ವಾ? ಕಾನೂನು ಮೊದಲು ಅಡ್ಡ ಬರುವುದು ಇಲ್ಲೇ, ಬೀಜದ ವಿಷಯ ಬರುವುದಕ್ಕೂ ಮುಂಚೆ. ಗಡಿ ದಾಟುವ ಲಕೋಟೆಯಲ್ಲಿ ಕಾಗದಪತ್ರ ಬಿಟ್ಟು ಬೇರೆ ವಸ್ತು ಇದ್ದರೆ ಅದಕ್ಕೆ ಕಸ್ಟಮ್ಸ್ ಚೀಟಿ ಬೇಕು. ಚಿಕ್ಕ ಲಕೋಟೆಗೆ ಸಿಎನ್ 22, ಜಾಸ್ತಿ ಬೆಲೆಯದಕ್ಕೆ ಸಿಎನ್ 23. ಅದರಲ್ಲಿ ಒಳಗೇನಿದೆ, ತೂಕ ಎಷ್ಟು, ಬೆಲೆ ಎಷ್ಟು ಎಂದು ಬರೆದು ಸಹಿ ಹಾಕಬೇಕು. ಬಿತ್ತನೆ ಬೀಜಕ್ಕೆ ಪ್ರಪಂಚದ ಎಲ್ಲ ಕಸ್ಟಮ್ಸ್‌ನವರೂ ಬಳಸುವ ಎಚ್‌ಎಸ್ ಸಂಖ್ಯೆ 1209. ಈಗ ಈ ಮಾಹಿತಿ ಲಕೋಟೆಗಿಂತ ಮುಂಚೆಯೇ ಕಂಪ್ಯೂಟರಿನಲ್ಲಿ ಆ ದೇಶ ತಲುಪಬೇಕು, 2021ರಿಂದ ಅಂತರರಾಷ್ಟ್ರೀಯ ಅಂಚೆಯಲ್ಲಿ ಅದೇ ಪದ್ಧತಿ. ಹಾಗಾಗಿ ಚೀಟಿ ಇಲ್ಲದೆ ಉಬ್ಬಿಕೊಂಡಿರುವ ಲಕೋಟೆ ಮೊದಲಿನಷ್ಟು ಸುಲಭವಾಗಿ ನುಸುಳುವುದಿಲ್ಲ.

'ಗಿಫ್ಟ್' ಅನ್ನುವ ಚೌಕಕ್ಕೆ ಟಿಕ್ ಹಾಕಿದರೆ ಎಲ್ಲ ಮುಗಿಯಿತು ಅನ್ನುವವರು ತುಂಬ ಜನ. ಆ ಟಿಕ್ ಸುಂಕಕ್ಕೆ ಸಂಬಂಧಿಸಿದ್ದು. ಬೀಜದೊಳಗೆ ರೋಗ ಇದೆಯಾ, ಅದು ಕಳೆ ಗಿಡವಾ ಅನ್ನುವ ಪ್ರಶ್ನೆಗೆ ಅದು ಉತ್ತರ ಅಲ್ಲ. ವೈರಸ್ಸಿಗೆ ಉಡುಗೊರೆ, ಮಾರಾಟ ಅನ್ನುವ ಭೇದ ಗೊತ್ತಿಲ್ಲ.

ಸುಳ್ಳು ಬರೆಯುವುದಂತೂ ಬೇಡವೇ ಬೇಡ. 2020ರ ಬೇಸಿಗೆಯಲ್ಲಿ ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಜನರ ಮನೆಗೆ ಅವರು ತರಿಸದೇ ಇದ್ದ ಬೀಜದ ಪೊಟ್ಟಣಗಳು ಬಂದಿದ್ದವು. ಹೆಚ್ಚಿನವು ಚೀನಾದಿಂದ ಬಂದಂತಿದ್ದವು, ಎಷ್ಟೋ ಪೊಟ್ಟಣಗಳ ಮೇಲೆ ಆಭರಣ ಎಂದು ಬರೆದಿತ್ತು. ಪರೀಕ್ಷೆ ಮಾಡಿದಾಗ ಸಾಸಿವೆ, ಕೋಸು, ಪುದೀನ, ಗುಲಾಬಿ, ದಾಸವಾಳದಂಥ ಮಾಮೂಲಿ ಬೀಜಗಳೇ ಸಿಕ್ಕವು. ಆನ್‌ಲೈನ್ ಮಾರಾಟಗಾರರು ಸುಳ್ಳು ವಿಮರ್ಶೆ ಹಾಕಿಕೊಳ್ಳಲು ಮಾಡುವ ಮೋಸ ಎಂದು ಅಧಿಕಾರಿಗಳು ಶಂಕಿಸಿದರು. ಆದರೆ ಅದರ ಬಿಸಿ ತಟ್ಟಿದ್ದು ಪ್ರಾಮಾಣಿಕ ಹವ್ಯಾಸಿಗಳಿಗೂ. ಅದೇ ಸೆಪ್ಟೆಂಬರಿನಲ್ಲಿ ಅಮೆಜಾನ್, ಹೊರದೇಶದ ಬೀಜಗಳನ್ನು ಅಮೆರಿಕದ ಗ್ರಾಹಕರಿಗೆ ಮಾರುವುದನ್ನೇ ನಿಲ್ಲಿಸಿತು. ಈಗ ಬೀಜ ಇರುವ ಲಕೋಟೆಯ ಮೇಲೆ 'ಕರಕುಶಲ ವಸ್ತು' ಎಂದು ಬರೆದರೆ ತಪಾಸಣೆ ಮಾಡುವವರಿಗೆ ನೆನಪಾಗುವುದು ಆ ಪೊಟ್ಟಣಗಳೇ.

ಸರಿ, ಚೀಟಿ ಅಂಟಿಸಿದೆವು, ಸತ್ಯವನ್ನೇ ಬರೆದೆವು ಅಂದುಕೊಳ್ಳಿ. ಈಗ ಅಸಲಿ ಪ್ರಶ್ನೆ. ನಮ್ಮ ಪ್ರಕರಣದವರು ಕೇಳುತ್ತಿದ್ದದ್ದು "ನಾನು ಕಳಿಸಬಹುದಾ?" ಎಂದು. ಕೇಳಬೇಕಾಗಿದ್ದು "ಅವರು ಈ ಗಿಡದ ಬೀಜವನ್ನು ಬರಮಾಡಿಕೊಳ್ಳಬಹುದಾ?" ಎಂದು, ಅದೂ ಒಂದೊಂದು ಗಿಡಕ್ಕೆ, ಒಂದೊಂದು ದೇಶಕ್ಕೆ ಬೇರೆಬೇರೆಯಾಗಿ. ಆರು ಪೊಟ್ಟಣ, ಮೂರು ದೇಶ ಅಂದರೆ ಹದಿನೆಂಟು ಪ್ರಶ್ನೆ. ಒಂದು ದೇಶದಲ್ಲಿ ಸಿಕ್ಕ 'ಆಗಲಿ' ಇನ್ನೊಂದು ದೇಶದಲ್ಲಿ ನಡೆಯುವುದಿಲ್ಲ.

ಇದರ ಹಿಂದೆ ಇರುವುದು 1951ರ ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದ. ಅದರ ಪ್ರಕಾರ ಪ್ರತಿ ದೇಶವೂ ತನ್ನ ಬೆಳೆ ಮತ್ತು ಕಾಡನ್ನು ಕಾಯಲು ಆಮದಿಗೆ ಷರತ್ತು ಹಾಕಬಹುದು. ಕಳಿಸುವ ದೇಶದ ಸರ್ಕಾರಿ ಸಸ್ಯ ಸಂರಕ್ಷಣಾ ಸಂಸ್ಥೆ ಬೀಜವನ್ನು ನೋಡಿ, ಬೇಕಿದ್ದರೆ ಪರೀಕ್ಷೆ ಮಾಡಿ, ಆ ಷರತ್ತು ಪೂರೈಸಿದೆ ಎಂದು ಫೈಟೋಸ್ಯಾನಿಟರಿ ಸರ್ಟಿಫಿಕೇಟ್ ಕೊಡುತ್ತದೆ. ಈ ಕೆಲಸದಲ್ಲಿರುವವರು ಅದನ್ನು ಚಿಕ್ಕದಾಗಿ 'ಫೈಟೋ' ಅನ್ನುತ್ತಾರೆ. ನರ್ಸರಿಯವರೋ ಬೀಜದ ಅಂಗಡಿಯವರೋ ಬರೆದುಕೊಟ್ಟ ಚೀಟಿ ಇದರ ಬದಲಿಗೆ ಆಗುವುದಿಲ್ಲ. ಬೀಜಗಳ ಸಾಗಾಟಕ್ಕೇ ಪ್ರತ್ಯೇಕ ಅಂತರರಾಷ್ಟ್ರೀಯ ಮಾನದಂಡ 2017ರಲ್ಲಿ ಬಂತು. ಬೀಜದ ಕಂಪನಿಗಳಿಗೆ ಇದೆಲ್ಲ ದಿನನಿತ್ಯದ ಕೆಲಸ. ಕಷ್ಟ ಇರುವುದು ಇಪ್ಪತ್ತು ಬೀಜ ಕಳಿಸುವವರಿಗೆ, ಅವರಿಗೂ ಅದೇ ಕಾಗದ, ಅದೇ ಕಚೇರಿ.

ಮೊದಲು ಅಮೆರಿಕ ನೋಡೋಣ. ಮೂರರಲ್ಲಿ ಹವ್ಯಾಸಿಗೆ ಒಂದು ಬಾಗಿಲು ತೆರೆದಿಟ್ಟಿರುವುದು ಇದೇ. ಅಲ್ಲಿನ ಕೃಷಿ ಇಲಾಖೆಯ ಎಫಿಸ್ ಸಂಸ್ಥೆ 'ಸಣ್ಣ ಪ್ರಮಾಣದ ಬೀಜ'ಗಳಿಗೆ ಒಂದು ಪರ್ಮಿಟ್ ಕೊಡುತ್ತದೆ. ಅದಿದ್ದರೆ ಫೈಟೋ ಬೇಡ. ಅರ್ಜಿ ಹಾಕಬೇಕಾದವರು ಅಮೆರಿಕದಲ್ಲಿರುವ ಗೆಳೆಯರು, ಕಳಿಸುವವರಲ್ಲ. ಇದನ್ನು ತಿಳಿಯದೆ ಕಳಿಸುವವರು ತಾವೇ ಫಾರಂ ಹುಡುಕುತ್ತಾ ಕೂರುತ್ತಾರೆ.

ಷರತ್ತುಗಳು ಸ್ಪಷ್ಟವಾಗಿವೆ. ಒಂದು ಪೊಟ್ಟಣದಲ್ಲಿ ಒಂದೇ ಜಾತಿಯ ಗಿಡದ ಬೀಜ, ಹೆಚ್ಚೆಂದರೆ 50 ಬೀಜ ಅಥವಾ 10 ಗ್ರಾಂ. ಒಂದು ಸಲಕ್ಕೆ 50 ಪೊಟ್ಟಣದ ಒಳಗೆ. ಪ್ರತಿ ಪೊಟ್ಟಣದ ಮೇಲೂ ಕಳಿಸಿದವರ ಹೆಸರು, ಬೀಜ ಬಂದ ದೇಶ, ಗಿಡದ ಬೊಟಾನಿಕಲ್ ಹೆಸರು. ಇದರ ಜೊತೆ ಟೈಪ್ ಮಾಡಿದ ಅಥವಾ ಓದುವಂತೆ ಬರೆದ ಪಟ್ಟಿ. ಮಣ್ಣು, ಸಿಪ್ಪೆ, ಒಣಗಿದ ತಿರುಳು, ಕೀಟನಾಶಕದ ಪುಡಿ ಯಾವುದೂ ಇರಬಾರದು. ಕೀಟನಾಶಕ ಬೇಡ ಅನ್ನುವುದು ಜನರಿಗೆ ಆಶ್ಚರ್ಯ ತರುತ್ತದೆ. ಒಳ್ಳೆಯದಾಗಲಿ ಎಂದೇ ಪುಡಿ ಸವರಿರುತ್ತಾರೆ, ಆದರೆ ಅದನ್ನು ಬರಿಗೈಯಲ್ಲಿ ಬಿಡಿಸಿ ನೋಡುವವರೂ ಮನುಷ್ಯರೇ.

ವಿಳಾಸದ ವಿಷಯ ಇನ್ನೂ ಸ್ವಾರಸ್ಯ. ಲಕೋಟೆ ಗೆಳೆಯರ ಮನೆಗೆ ಹೋಗುವುದಿಲ್ಲ. ಪರ್ಮಿಟ್ ಬಂದಾಗ ಗೆಳೆಯರಿಗೆ ಹಸಿರು-ಹಳದಿ ಬಣ್ಣದ ವಿಳಾಸದ ಲೇಬಲ್‌ಗಳು ಸಿಗುತ್ತವೆ, ಅವುಗಳ ಮೇಲೆ ಸರ್ಕಾರಿ ಸಸ್ಯ ತಪಾಸಣಾ ಕೇಂದ್ರದ ವಿಳಾಸ ಇರುತ್ತದೆ. ಗೆಳೆಯರು ಅದನ್ನು ಕಳಿಸುವವರಿಗೆ ಮುಟ್ಟಿಸಬೇಕು, ಕಳಿಸುವವರು ಲಕೋಟೆಯ ಹೊರಗೆ ಅಂಟಿಸಬೇಕು. ಪರ್ಮಿಟ್‌ನ ಪ್ರತಿ, ಪಟ್ಟಿ, ಗೆಳೆಯರ ಮನೆ ವಿಳಾಸ ಒಳಗೆ. ಕೇಂದ್ರದವರು ಬಿಚ್ಚಿ ನೋಡಿ, ಸರಿಯಿದ್ದರೆ ಮನೆಗೆ ರವಾನಿಸುತ್ತಾರೆ. ನೇರವಾಗಿ ಮನೆ ವಿಳಾಸ ಬರೆದರೆ ಪರ್ಮಿಟ್ ಇದ್ದೂ ಇಲ್ಲದಂತೆಯೇ.

ಹಾಗಾದರೆ ಆರೂ ಪೊಟ್ಟಣ ಹೋಗಬಹುದಾ? ಇಲ್ಲ. ನಿಷೇಧ ಇರುವ, ಪ್ರತ್ಯೇಕ ಷರತ್ತು ಇರುವ, ವಿನಾಶದ ಅಂಚಿನ ಗಿಡವೆಂದು ರಕ್ಷಣೆ ಪಡೆದ ಯಾವುದಕ್ಕೂ ಈ ಪರ್ಮಿಟ್ ನಡೆಯುವುದಿಲ್ಲ.

ವಾಟರ್ ಸ್ಪಿನಾಚ್ ಅಲ್ಲೇ ಬಿದ್ದುಹೋಗುತ್ತದೆ. ಐಪೋಮಿಯಾ ಅಕ್ವಾಟಿಕಾ ಅನ್ನುವುದು ಅದರ ಬೊಟಾನಿಕಲ್ ಹೆಸರು, ಅದು ಅಮೆರಿಕದ ಒಕ್ಕೂಟ ಸರ್ಕಾರದ ಅಪಾಯಕಾರಿ ಕಳೆಗಳ ಪಟ್ಟಿಯಲ್ಲಿದೆ. ಬೆಚ್ಚಗಿನ ನೀರಿನ ಮೇಲೆ ಚಾಪೆ ಹಾಸಿದಂತೆ ಹರಡಿ ಕಾಲುವೆ ಮುಚ್ಚಿಬಿಡುತ್ತದೆ ಅನ್ನುವುದು ಅವರ ಭಯ. ಬೇರೆ ದೇಶದಲ್ಲಿ ಅದು ದಿನಬಳಕೆಯ ಸೊಪ್ಪು ಅನ್ನುವ ವಾದ ತಪಾಸಣಾ ಕೇಂದ್ರದಲ್ಲಿ ಕೇಳುವವರಿಲ್ಲ.

ಟೊಮ್ಯಾಟೊ, ಮೆಣಸಿನಕಾಯಿ ಎರಡರದ್ದೂ ಒಂದೇ ಗ್ರಹಚಾರ. ಟೊಮ್ಯಾಟೊ ಬ್ರೌನ್ ರುಗೋಸ್ ಫ್ರೂಟ್ ವೈರಸ್ ಎಂಬ ಹೊಸ ವೈರಸ್ 2014ರಲ್ಲಿ ಇಸ್ರೇಲಿನ ತೋಟಗಳಲ್ಲಿ, 2015ರಲ್ಲಿ ಜೋರ್ಡಾನಿನಲ್ಲಿ ಕಾಣಿಸಿಕೊಂಡು ಅಲ್ಲಿಂದ ಬೇಗ ಹಬ್ಬಿತು. ಎಲೆ ಮುದುರಿ ಹಣ್ಣಿನ ಮೇಲೆ ಕಂದು ಕಲೆ. ಇದು ಬೀಜದ ಸಿಪ್ಪೆಯ ಮೇಲೆ ಕೂತು ಪ್ರಯಾಣ ಮಾಡುತ್ತದೆ. ಕೈ, ಕತ್ತರಿ, ಬಟ್ಟೆಗೆ ಅಂಟಿಕೊಂಡೂ ಹೋಗುತ್ತದೆ. ಬೀಜ ನೋಡಲು ಹೊಳೆಯುತ್ತಲೇ ಇರುತ್ತದೆ, ಮೊಳಕೆಯೂ ಬರುತ್ತದೆ. ಬರಿಗಣ್ಣಿಗೆ ಏನೂ ಕಾಣುವುದಿಲ್ಲ. ಅದಕ್ಕೇ 2019ರ ನವೆಂಬರಿನಲ್ಲಿ ಅಮೆರಿಕ ಟೊಮ್ಯಾಟೊ ಮತ್ತು ಮೆಣಸಿನಕಾಯಿ ಬೀಜಗಳ ಆಮದಿಗೆ ಪ್ರತ್ಯೇಕ ಆದೇಶ ಹೊರಡಿಸಿತು, ಯುರೋಪೂ ಅದೇ ವರ್ಷ ತುರ್ತು ಕ್ರಮ ತಂದಿತು. ಈ ಗುಂಪಿನ ಬೀಜಗಳಿಗೆ ಆಸ್ಟ್ರೇಲಿಯಾ ವೈರಸ್ ಮತ್ತು ವೈರಾಯ್ಡ್‌ಗಳ (ವೈರಸ್ಸಿಗಿಂತಲೂ ಚಿಕ್ಕ ರೋಗಕಾರಕಗಳು) ಲ್ಯಾಬ್ ಪರೀಕ್ಷೆಯನ್ನೇ ಕೇಳುತ್ತದೆ. ಪರೀಕ್ಷೆಗೆ ಬೇಕಾಗುವ ಬೀಜವೇ ಸಾವಿರಗಟ್ಟಲೆ. ಇಪ್ಪತ್ತು ಬೀಜದ ಪೊಟ್ಟಣಕ್ಕೆ ಇದು ಆಗುಹೋಗುವ ಮಾತಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಹವ್ಯಾಸಿಗಳು ಈ ಎರಡನ್ನು ಗಡಿಯಾಚೆ ಕಳಿಸುವ ಆಸೆಯನ್ನೇ ಬಿಡುವುದು ಒಳ್ಳೆಯದು. ಸಾಮಾನ್ಯವಾಗಿ ಅದೇ ತಳಿ ಅಥವಾ ಅದರ ಹತ್ತಿರದ್ದು ಆ ದೇಶದ ಒಳಗೇ ಯಾರ ಬಳಿಯಾದರೂ ಇರುತ್ತದೆ.

ಕಿತ್ತಳೆ ಪೆಟೂನಿಯಾ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಈ ಆರರಲ್ಲಿ ಯಾರೂ ಸಂಶಯ ಪಡದೇ ಇರುವ ಪೊಟ್ಟಣ ಇದೇ. ಹೂವಿನ ಗಿಡ, ಅದರಲ್ಲೇನಿದೆ? 2015ರಲ್ಲಿ ಹೆಲ್ಸಿಂಕಿ ರೈಲು ನಿಲ್ದಾಣದ ಹೊರಗಿನ ಹೂಕುಂಡದಲ್ಲಿ ಕಿತ್ತಳೆ ಪೆಟೂನಿಯಾ ಕಂಡು ಟೀಮು ಟೀರಿ ಎಂಬ ಸಸ್ಯವಿಜ್ಞಾನಿ ನಿಂತುಬಿಟ್ಟರು. ಪೆಟೂನಿಯಾ ತಾನಾಗಿ ಆ ಬಣ್ಣ ತಯಾರಿಸಲಾರದು, ಅದಕ್ಕೆ ಬೇಕಾದ ಕಿಣ್ವದ ಕೆಲಸ ಅದರಲ್ಲಿ ನಡೆಯುವುದಿಲ್ಲ. 1980ರ ದಶಕದಲ್ಲಿ ಜರ್ಮನಿಯ ವಿಜ್ಞಾನಿಗಳು ಜೋಳದ ಒಂದು ಜೀನ್ ಸೇರಿಸಿ ಅಂಥ ಗಿಡ ಮಾಡಿದ್ದು ಅವರಿಗೆ ಗೊತ್ತಿತ್ತು. ಮೆಕ್ಕೆಜೋಳ, ನಾವು ತಿನ್ನುವ ಅದೇ. ಪರೀಕ್ಷೆ ಮಾಡಿದರೆ ಆ ಜೀನ್ ಇದ್ದೇ ಇತ್ತು. 2017ರಲ್ಲಿ ಫಿನ್ಲೆಂಡ್ ಸರ್ಕಾರ ಆ ತಳಿಗಳನ್ನು ಮಾರುಕಟ್ಟೆಯಿಂದ ತೆಗೆಸಿತು, ಬೇರೆ ದೇಶಗಳಲ್ಲೂ ಹುಡುಕಾಟ ಶುರುವಾಯಿತು. ವರ್ಷಗಟ್ಟಲೆ ಎಲ್ಲರೂ ಮಾರಿದ್ದರು, ಎಲ್ಲರೂ ಬೆಳೆದಿದ್ದರು, ಅದು ಜಿಎಂ, ಅಂದರೆ ಜೀನ್ ಮಾರ್ಪಡಿಸಿದ ಗಿಡ ಎಂದು ಯಾರಿಗೂ ಗೊತ್ತಿರಲಿಲ್ಲ.

ಈಗ ನಮ್ಮ ಪೊಟ್ಟಣಕ್ಕೆ ಬನ್ನಿ. ಎಂದೋ ಕೊಂಡ ಗಿಡದಿಂದ ತೆಗೆದ ಬೀಜ, ಮೂಲ ಯಾವ ತಳಿ ಎಂದು ನೆನಪಿಲ್ಲ. ಅದರಲ್ಲಿ ಆ ಜೀನ್ ಇರಬಹುದು, ಇಲ್ಲದೆಯೂ ಇರಬಹುದು. ಇದ್ದರೆ, ಜರ್ಮನಿಯಲ್ಲಿ ಅದು ಅನುಮತಿ ಇಲ್ಲದ ಜಿಎಂ ಬೀಜ. ಆಸ್ಟ್ರೇಲಿಯಾದಲ್ಲಿ 2000ದ ಜೀನ್ ತಂತ್ರಜ್ಞಾನ ಕಾಯ್ದೆ ಅಡ್ಡ ಬರುತ್ತದೆ. ಅಮೆರಿಕ ಮಾತ್ರ 2021ರಲ್ಲಿ ಅಂಥ ಒಂದು ಪೆಟೂನಿಯಾವನ್ನು ನಿಯಂತ್ರಣದಿಂದ ಹೊರಗಿಟ್ಟಿತು. ಒಂದೇ ಬೀಜ, ಮೂರು ಕಡೆ ಮೂರು ಥರ. ಮೂಲ ಗೊತ್ತಿಲ್ಲದ ಕಿತ್ತಳೆ ಪೆಟೂನಿಯಾ ಬೀಜವನ್ನು ಎಲ್ಲಿಗೂ ಕಳಿಸದೇ ಇರುವುದು ಕ್ಷೇಮ. ನೇರಳೆ, ಬಿಳಿ ಬಣ್ಣದ್ದಾದರೆ ಈ ತಲೆನೋವು ಕಡಿಮೆ.

ಕ್ಯಾಕ್ಟಸ್ ಪೊಟ್ಟಣದ ಗೋಳೇ ಬೇರೆ. ಇಲ್ಲಿ ಬರುವುದು ಸೈಟಿಸ್, ಅಪಾಯದಲ್ಲಿರುವ ಪ್ರಾಣಿ-ಸಸ್ಯಗಳ ವ್ಯಾಪಾರದ ಬಗ್ಗೆ 1973ರಲ್ಲಿ ಸಹಿಯಾಗಿ 1975ರಲ್ಲಿ ಜಾರಿಗೆ ಬಂದ ಒಪ್ಪಂದ. ವ್ಯಾಪಾರ ಅಂದರೂ ಉಡುಗೊರೆಯೂ ಅದರೊಳಗೇ, ಗಡಿ ದಾಟಿದರೆ ಸಾಕು. ಕೆಲವೇ ಕೆಲವನ್ನು ಬಿಟ್ಟರೆ ಇಡೀ ಕ್ಯಾಕ್ಟಸ್ ಕುಟುಂಬ ಎರಡನೇ ಅನುಬಂಧದಲ್ಲಿದೆ. ಆ ಅನುಬಂಧದ ಕ್ಯಾಕ್ಟಸ್‌ಗಳ ಬೀಜಕ್ಕೆ ವಿನಾಯಿತಿ ಇದೆ, ಆದರೆ ಮೆಕ್ಸಿಕೋದಿಂದ ರಫ್ತಾಗುವ ಬೀಜಕ್ಕೆ ಇಲ್ಲ. ಒಂದನೇ ಅನುಬಂಧ, ಅಂದರೆ ಅತಿ ಹೆಚ್ಚು ಅಪಾಯದಲ್ಲಿರುವವುಗಳ ಪಟ್ಟಿ, ಅದರಲ್ಲಿರುವ ಜಾತಿಗಳಿಗಂತೂ ಬೀಜವೂ ಸೈಟಿಸ್ ಪರ್ಮಿಟ್ ಇಲ್ಲದೆ ಗಡಿ ದಾಟುವಂತಿಲ್ಲ.

ಈಗ ಪೆನ್ಸಿಲ್ಲಿನ ಬರಹ ನೋಡಿ: 'ಸ್ಟಾರ್ ಕ್ಯಾಕ್ಟಸ್'. ಆಸ್ಟ್ರೋಫೈಟಮ್ ಕುಲದ ಹಲವು ಗಿಡಗಳಿಗೆ ಜನ ಈ ಹೆಸರು ಹಿಡಿದು ಕರೆಯುತ್ತಾರೆ. ಅದು ಆಸ್ಟ್ರೋಫೈಟಮ್ ಆರ್ನೇಟಮ್ ಆಗಿದ್ದರೆ ಎರಡನೇ ಅನುಬಂಧ, ಬೀಜಕ್ಕೆ ವಿನಾಯಿತಿ. ಆಸ್ಟ್ರೋಫೈಟಮ್ ಆಸ್ಟೀರಿಯಾಸ್ ಆಗಿದ್ದರೆ ಒಂದನೇ ಅನುಬಂಧ. ಒಂದೇ ಕುಲ, ಒಂದೇ ಅಡ್ಡಹೆಸರು. ಒಂದು ಲಕೋಟೆಯಲ್ಲಿ ಹೋಗಬಹುದು, ಇನ್ನೊಂದು ಕಳ್ಳಸಾಗಣೆ ಅನ್ನಿಸಿಕೊಳ್ಳಬಹುದು. ಕಳಿಸುವವರಿಗೇ ಯಾವುದು ಎಂದು ಖಾತ್ರಿ ಇಲ್ಲ. ಗಿಡ ಹೂ ಬಿಟ್ಟಾಗ ಗೊತ್ತಿರುವವರಿಗೆ ತೋರಿಸಿ ಹೆಸರು ಗಟ್ಟಿ ಮಾಡಿಕೊಳ್ಳುವವರೆಗೆ ಆ ಪೊಟ್ಟಣ ಡಬ್ಬಿಯಲ್ಲೇ ಇರಲಿ.

ಜರ್ಮನಿಗೆ ಬಂದರೆ ಲೆಕ್ಕ ಸರಳ, ಸುಲಭ ಮಾತ್ರ ಅಲ್ಲ. 2019ರ ಡಿಸೆಂಬರ್ 14ರಿಂದ ಯುರೋಪಿಯನ್ ಒಕ್ಕೂಟದ ಹೊಸ ಸಸ್ಯ ಆರೋಗ್ಯ ನಿಯಮ ಜಾರಿಯಲ್ಲಿದೆ. ಹೊರಗಿನಿಂದ ಬರುವ ಎಲ್ಲ ಜೀವಂತ ಸಸ್ಯಭಾಗಕ್ಕೂ, ಬಿತ್ತುವ ಬೀಜವೂ ಸೇರಿ, ಫೈಟೋ ಬೇಕು. ಅನಾನಸ್, ತೆಂಗಿನಕಾಯಿ, ದೂರಿಯನ್, ಬಾಳೆ, ಖರ್ಜೂರ ಈ ಐದು ಹಣ್ಣಿಗೆ ಮಾತ್ರ ವಿನಾಯಿತಿ. ಅಮೆರಿಕದಲ್ಲಿರುವಂಥ ಸಣ್ಣ ಪೊಟ್ಟಣದ ಪರ್ಮಿಟ್ ಇಲ್ಲಿಲ್ಲ. ಹತ್ತು ಚೆಂಡುಹೂ ಬೀಜಕ್ಕೂ ಅದೇ ಸರ್ಟಿಫಿಕೇಟ್. ಅದು ಸರಕು ಹೊರಡುವ ಮುಂಚಿನ 14 ದಿನದೊಳಗಿನದ್ದಾಗಿರಬೇಕು, ಕಳೆದ ವರ್ಷ ಮಾಡಿಸಿಟ್ಟದ್ದು ಕೆಲಸಕ್ಕೆ ಬಾರದು. ಬ್ರಿಟನ್ ಒಕ್ಕೂಟದಿಂದ ಹೊರಬಂದ ಮೇಲೆ, 2021ರ ಜನವರಿಯಿಂದ, ಅಲ್ಲಿಯ ಹವ್ಯಾಸಿಗಳಿಗೂ ಇದೇ ಗತಿ. ವರ್ಷಗಟ್ಟಲೆ ಯುರೋಪಿನ ಗೆಳೆಯರ ಜೊತೆ ಬೀಜ ಬದಲಾಯಿಸಿಕೊಂಡವರಿಗೆ ಒಂದು ಬೆಳಗ್ಗೆ ಎದ್ದಾಗ ಅದು ನಿಂತುಹೋಗಿತ್ತು.

ಹಾಗಂತ ದಾರಿ ಪೂರ್ತಿ ಮುಚ್ಚಿಲ್ಲ. ಒಂದೇ ಸರ್ಟಿಫಿಕೇಟಿನಲ್ಲಿ ಹಲವು ಬೀಜಗಳ ಹೆಸರು ಸೇರಿಸಬಹುದು. ಹಾಗಾಗಿ ಜರ್ಮನಿಗೆ ಒಂದು ಪೊಟ್ಟಣಕ್ಕೋಸ್ಕರ ಓಡಾಡುವ ಬದಲು, ವರ್ಷಕ್ಕೊಮ್ಮೆ ಇಪ್ಪತ್ತು ಬಗೆ ಒಟ್ಟುಗೂಡಿಸಿ ಒಂದು ಫೈಟೋ ಮಾಡಿಸಿದರೆ ಅರ್ಥ ಇದೆ. ಮೂಲ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಪಾರ್ಸೆಲ್‌ನ ಹೊರಗೆ, ಕಣ್ಣಿಗೆ ಬೀಳುವಂತೆ ಅಂಟಿಸಬೇಕು. ಒಳಗಿಟ್ಟರೆ ತಪಾಸಣೆಯವರಿಗೆ ಅದು ಸರ್ಟಿಫಿಕೇಟ್ ಇಲ್ಲದ ಪಾರ್ಸೆಲ್ಲೇ. ಕಳಿಸುವ ಮುಂಚೆ ಗೆಳೆಯರು ತಮ್ಮ ಊರಿನ ಸಸ್ಯ ಆರೋಗ್ಯ ಕಚೇರಿಯನ್ನು ಕೇಳಿ, ಪಾರ್ಸೆಲ್ ಯಾವ ಕೇಂದ್ರದ ಮೂಲಕ ಬರಬೇಕು, ತಾವು ಮೊದಲೇ ಏನು ತಿಳಿಸಬೇಕು ಎಂದು ಗಟ್ಟಿ ಮಾಡಿಕೊಳ್ಳಬೇಕು.

ಆಸ್ಟ್ರೇಲಿಯಾದವರು ಇನ್ನೂ ಬಿಗಿ, ಅದಕ್ಕೆ ಕಾರಣವೂ ಇದೆ. ಹೊರಗಿನಿಂದ ಬಂದ ಪಾಪಸ್‌ಕಳ್ಳಿ ಅಲ್ಲಿ 1920ರ ದಶಕದ ಹೊತ್ತಿಗೆ ಸುಮಾರು 24 ಮಿಲಿಯನ್ ಹೆಕ್ಟೇರ್ ನೆಲ ನುಂಗಿತ್ತು. 1926ರಲ್ಲಿ ಅರ್ಜೆಂಟೀನಾ ಮೂಲದ ಒಂದು ಪತಂಗವನ್ನು ಬಿಟ್ಟ ಮೇಲೆ ಅದರ ಹುಳಗಳು ಕಳ್ಳಿಯನ್ನು ಒಳಗಿಂದಲೇ ತಿಂದು ಮುಗಿಸಿದವು. ಅಷ್ಟು ಅನುಭವಿಸಿದವರು ಹೊಸ ಬೀಜಕ್ಕೆ 'ಇರಲಿ ಬಿಡು' ಅನ್ನುವುದಿಲ್ಲ. ಅಲ್ಲಿ ಲೆಕ್ಕ ತಿರುಗುಮುರುಗು: ನಿಷೇಧ ಇಲ್ಲದ್ದೆಲ್ಲ ಬರಬಹುದು ಅಂತಲ್ಲ, ಅನುಮತಿ ಪಟ್ಟಿಯಲ್ಲಿ ಹೆಸರಿದ್ದದ್ದು ಮಾತ್ರ ಬರಬಹುದು. ಬೈಕಾನ್ ಅನ್ನುವ ಸರ್ಕಾರಿ ಡೇಟಾಬೇಸಿನಲ್ಲಿ ಯಾರು ಬೇಕಾದರೂ ಹುಡುಕಬಹುದು. ಕುಲದ ಹೆಸರು ಸಾಲದು, ಜಾತಿಯ ಹೆಸರೂ ಬೇಕು. ಚೆಂಡುಹೂವಿನ ಪೊಟ್ಟಣದ ಮೇಲೆ 'ಟ್ಯಾಜೆಟಿಸ್' ಎಂದು ಮಾತ್ರ ಬರೆದರೆ ಅದು ತೋಟದ ಟ್ಯಾಜೆಟಿಸ್ ಇರೆಕ್ಟಾನೋ, ಆ ದೇಶದಲ್ಲಿ ಆಗಲೇ ಕಳೆಯಾಗಿ ಹಬ್ಬಿರುವ ಟ್ಯಾಜೆಟಿಸ್ ಮೈನ್ಯೂಟಾನೋ ಎಂದು ಅಧಿಕಾರಿಗೆ ತಿಳಿಯುವುದು ಹೇಗೆ? ಪಶ್ಚಿಮ ಆಸ್ಟ್ರೇಲಿಯಾ ರಾಜ್ಯಕ್ಕೆ ಇದರ ಮೇಲೆ ತನ್ನದೇ ಇನ್ನೊಂದು ಪಟ್ಟಿ ಇದೆ, ಗೆಳೆಯರು ಅಲ್ಲಿದ್ದರೆ ಅದನ್ನೂ ನೋಡಬೇಕು. ಹೊಸ, ಸ್ವಚ್ಛ ಪೊಟ್ಟಣ ಬಳಸಿ. ಹಳೆ ಕಾಗದದಲ್ಲಿ ಕಟ್ಟಿದ ಬೀಜದ ಜೊತೆ ಒಂದು ಚೂರು ಒಣ ಎಲೆ ಹೋದರೂ ಪೊಟ್ಟಣ ಅಲ್ಲೇ ನಿಲ್ಲುತ್ತದೆ.

ಸಿಕ್ಕಿಬಿದ್ದರೆ ಏನು? ಹೆಚ್ಚಿನ ಸಲ ಬೀಜ ನಾಶ, ಇಲ್ಲವೇ ವಾಪಸ್, ಅದರ ಖರ್ಚು ತರಿಸಿಕೊಂಡವರ ತಲೆಗೆ. ಅಮೆರಿಕದ 2000ದ ಸಸ್ಯ ಸಂರಕ್ಷಣಾ ಕಾಯ್ದೆಯಲ್ಲಿ ಲಾಭದ ಉದ್ದೇಶ ಇಲ್ಲದ ವ್ಯಕ್ತಿಯ ಮೊದಲ ತಪ್ಪಿಗೆ ದಂಡದ ಮಿತಿ ಮೂಲತಃ 1,000 ಡಾಲರ್, ಉಳಿದಂತೆ ವ್ಯಕ್ತಿಗೆ 50,000 ಡಾಲರ್‌ವರೆಗೆ. ಗಮನಿಸಿ, ಕಾಗದಗಳಲ್ಲಿ ಹೆಸರು ಸೇರುವುದು ಅಲ್ಲಿರುವ ಗೆಳೆಯರದ್ದು. ಕಳಿಸಿದವರು ಸಾವಿರಾರು ಮೈಲಿ ದೂರದಲ್ಲಿ ಆರಾಮಾಗಿ ಇರುತ್ತಾರೆ. ಹೇಳದೆ ಕೇಳದೆ ಅಚ್ಚರಿಯ ಉಡುಗೊರೆ ಎಂದು ಬೀಜ ಕಳಿಸಬಾರದು ಅನ್ನುವುದು ಇದಕ್ಕೇ.

ಇನ್ನು ಕಳಿಸುವವರ ಸ್ವಂತ ದೇಶದ ಕಾನೂನು. ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ದೇಶಕ್ಕೊಂದು ಥರ. ರಫ್ತಿಗೆ ನಿರ್ಬಂಧ ಇರುವ ಬೀಜಗಳ ಪಟ್ಟಿ ಇರಬಹುದು. ದೇಸಿ ತಳಿ, ಕಾಡುಗಿಡದ ಬೀಜ ಹೊರಗೆ ಹೋಗಲು ಜೀವವೈವಿಧ್ಯ ಕಾನೂನಿನ ಅನುಮತಿ ಬೇಕಿರಬಹುದು. ಒಂದು ದೇಶದ ಜೀವಸಂಪತ್ತನ್ನು ಬಳಸಿ ಬಂದ ಲಾಭವನ್ನು ಆ ದೇಶದ ಜೊತೆ ಹಂಚಿಕೊಳ್ಳುವ ಬಗ್ಗೆ 2014ರಲ್ಲಿ ಜಾರಿಗೆ ಬಂದ ನಗೋಯಾ ಒಪ್ಪಂದದ ನಂತರ ಸಂಶೋಧನೆ, ತಳಿ ಅಭಿವೃದ್ಧಿಗೆ ಬೀಜ ಕೊಡುವುದಂತೂ ತುಂಬ ಸೂಕ್ಷ್ಮ ವಿಷಯ. ಗೆಳೆಯರು ಮನೆ ಹಿತ್ತಲಲ್ಲಿ ಬೆಳೆಯುತ್ತಾರೋ, ಪ್ರಯೋಗಾಲಯಕ್ಕೆ ಒಯ್ಯುತ್ತಾರೋ ಅನ್ನುವುದು ಇಲ್ಲಿ ವ್ಯತ್ಯಾಸ ಮಾಡುತ್ತದೆ. ಕಂಪನಿಯ ರಕ್ಷಿತ ತಳಿಯಾಗಿದ್ದರೆ ತಳಿ ಸೃಷ್ಟಿಸಿದವರ ಹಕ್ಕೂ ಇದೆ. ಆ ಬಗೆಯ ಗಿಡಕ್ಕೆ ತಳಿರಕ್ಷಣೆಯೇ ಇಲ್ಲದ ದೇಶಕ್ಕೆ ಬಿತ್ತನೆಗೆಂದು ಕಳಿಸಿದರೆ ಆ ಹಕ್ಕು ಮುರಿದಂತೆ ಆಗಬಹುದು, ಬೀಜವನ್ನು ದುಡ್ಡು ಕೊಟ್ಟೇ ಕೊಂಡಿದ್ದರೂ.

ಕೊನೆಗೆ ಹದಿನೆಂಟು ಪ್ರಶ್ನೆಗಳ ಉತ್ತರ ಹೀಗೆ ಬಂತು. ಅಮೆರಿಕದ ಗೆಳೆಯರು ಪರ್ಮಿಟ್ ಮಾಡಿಸಿ ಲೇಬಲ್ ಕಳಿಸಿದ ಮೇಲೆ, 50ಕ್ಕಿಂತ ಕಡಿಮೆ ಬೀಜದ ಚೆಂಡುಹೂವಿನ ಪೊಟ್ಟಣ ತಪಾಸಣಾ ಕೇಂದ್ರದ ವಿಳಾಸಕ್ಕೆ. ಆಸ್ಟ್ರೇಲಿಯಾಕ್ಕೂ ಅದೇ ಒಂದು, ಟ್ಯಾಜೆಟಿಸ್ ಇರೆಕ್ಟಾ ಎಂದು ಪೂರ್ತಿ ಹೆಸರು ಬರೆದು, ಗೆಳೆಯರು ಬೈಕಾನ್‌ನಲ್ಲಿ ಆ ದಿನದ ಷರತ್ತು ನೋಡಿ ಒಪ್ಪಿಗೆ ಕೊಟ್ಟ ಮೇಲೆ. ಜರ್ಮನಿಗೆ ಸದ್ಯ ಏನೂ ಇಲ್ಲ, ಒಂದು ಫೈಟೋಗೆ ಸಾಕಾಗುವಷ್ಟು ಬಗೆ ಸೇರಿದಾಗ ನೋಡೋಣ ಎಂದು ಮುಂದಕ್ಕೆ ಹಾಕಿದ್ದು. ಟೊಮ್ಯಾಟೊ, ಮೆಣಸಿನಕಾಯಿಗೆ ಬೀಜದ ಬದಲು ತಳಿಯ ಹೆಸರು, ಫೋಟೋ, ಬೆಳೆದ ರೀತಿ ಬರೆದು ಕಳಿಸಿದರೆ ಅವರವರ ದೇಶದಲ್ಲೇ ಹುಡುಕಿಕೊಳ್ಳುತ್ತಾರೆ. ವಾಟರ್ ಸ್ಪಿನಾಚ್, ಪೆಟೂನಿಯಾ, ಕ್ಯಾಕ್ಟಸ್ ಮೂರೂ ಮನೆಯಲ್ಲೇ. ನಿಯಮಗಳು ಬದಲಾಗುತ್ತಲೇ ಇರುವುದರಿಂದ ಮುಂದಿನ ಹಂಗಾಮಿನಲ್ಲಿ ಇದೇ ಚೆಂಡುಹೂ ಕಳಿಸುವುದಾದರೂ ಪಟ್ಟಿಗಳನ್ನು ಮತ್ತೆ ತೆಗೆದು ನೋಡಬೇಕು.